ಕಂಪ್ಯೂಟರ್ ಏಳದ ದಿನವೂ ನಿಮ್ಮ ಹಾಲಿನ ಲೆಕ್ಕ ಬೀಳಬಾರದು



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಕೆಚ್ಚಲು ಬಾವು, ಕಾಲುಬಾಯಿ ಬೇನೆ, ಕರುವಿನ ಜಂತುಹುಳುವಿನ ಬಗ್ಗೆ ಬರೆಯುತ್ತೇನೆ. ಈ ಸಲದ ರೋಗಿ ನಿಮ್ಮ ಕೊಟ್ಟಿಗೆಯಲ್ಲಿಲ್ಲ, ನಿಮ್ಮ ಹಾಲಿನ ಸಂಘದ ಟೇಬಲ್ ಮೇಲಿದೆ. ಅದು ಹಾಲಿನ ಲೆಕ್ಕ ಬರೆಯುವ ಕಂಪ್ಯೂಟರ್. ಪಶುವೈದ್ಯರಿಗೆ ಈ ಉಸಾಬರಿ ಯಾಕೆ ಎಂದು ಕೇಳಬಹುದು. ಆ ಕಂಪ್ಯೂಟರ್ ಒಂದು ಸಂಜೆ ಕೆಲಸ ಮಾಡದಿದ್ದರೆ ನಿಮ್ಮ ಬಿಲ್ಲಿನಲ್ಲಿ ಹಣ ಕಡಿಮೆಯಾಗಬಹುದು, ನಿಮ್ಮ ಎಮ್ಮೆಯ ಕಾಯಿಲೆ ನನ್ನ ಕಣ್ಣಿಗೆ ಬೀಳದೆ ಹೋಗಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಕೆಲವು ಮಳೆಗಾಲಗಳ ಹಿಂದೆ ದಡ್ಡಿ ಕಡೆಗೆ ಕಾಲುಬಾಯಿ ಬೇನೆಯ ಲಸಿಕೆ ಹಾಕಲು ಹೋಗಿದ್ದೆ. ಸಂಜೆ ಕೆಲಸ ಮುಗಿಸಿ ಬರುವಾಗ ಆ ಭಾಗದ ಒಂದು ಸಂಘದ ಮುಂದೆ ಗುಂಪು ಕಂಡಿತು. ಮೂವತ್ತು ನಲವತ್ತು ಹೆಣ್ಣುಮಕ್ಕಳು ಕ್ಯಾನ್ ಹಿಡಿದು ನಿಂತಿದ್ದರು. ಮಳೆ ಹಿಡಿದಿತ್ತು, ನೆಟ್‌ವರ್ಕ್ ಹೋಗಿತ್ತು. ಕಾರ್ಯದರ್ಶಿ ಕಂಪ್ಯೂಟರ್ ಮುಂದೆ ಬೆವರುತ್ತ ಕೂತಿದ್ದರು. ಮಧ್ಯಾಹ್ನವಷ್ಟೇ ಅದಕ್ಕೆ ಹೊಸ ವಿಂಡೋಸ್ ಹಾಕಿಸಿದ್ದರು. ನನ್ನನ್ನು ಕಂಡ ಕೂಡಲೆ ಬಾಗಿಲ ಹತ್ತಿರ ನಿಂತಿದ್ದ ಒಬ್ಬರು, "ಡಾಕ್ಟರ್ರ, ದನಾ ನೋಡಿದಂಗ ಇದನ್ನೂ ಒಂದೀಟ ನೋಡ್ರಿ. ಮಧ್ಯಾಹ್ನದಿಂದ ಮ್ಯಾಲ ಏಳವಲ್ದು" ಅಂದರು. ಎಲ್ಲರೂ ನಕ್ಕರು. ಕಾರ್ಯದರ್ಶಿ ಮಾತ್ರ ನಗಲಿಲ್ಲ. "ಇವತ್ತಿನ ಮಟ್ಟಿಗೆ ಎಲ್ಲಾರ ಹಾಲಿಗೂ ನಿನ್ನಿ ಸರಾಸರಿ ಫ್ಯಾಟ್ ಹಾಕೂಣು" ಅಂದರು.

ಆಗ ಒಬ್ಬ ವಯಸ್ಸಾದ ತಾಯಿ ಮುಂದೆ ಬಂದರು. ಅವರಿಗೆ ಇದ್ದದ್ದು ಒಂದೇ ಎಮ್ಮೆ. "ನನ್ನ ಎಮ್ಮಿ ಹಾಲಿಗೆ ಊರ ಮಂದಿ ಫ್ಯಾಟ್ ಯಾಕ್ರಿ?" ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಈ ಲೇಖನ ಅವರ ಪ್ರಶ್ನೆಗೆ ಉತ್ತರ.

ರೋಗಿ ಸತ್ತಿಲ್ಲ, ಏಳುತ್ತಿಲ್ಲ

"ಮ್ಯಾಲ ಏಳವಲ್ದು" ಎಂಬ ಮಾತು ಕೇಳಿದಾಗ ನನಗೆ ನೆನಪಾದದ್ದು ಹಾಲು ಜ್ವರ. ನಿಮ್ಮಲ್ಲಿ ಹಲವರು ಇದನ್ನು ನೋಡಿದ್ದೀರಿ. ಚೆನ್ನಾಗಿ ಹಾಲು ಕೊಡುವ ಹಸು ಅಥವಾ ಎಮ್ಮೆ ಈದ ಎರಡು ಮೂರು ದಿನದೊಳಗೆ ನೆಲ ಹಿಡಿಯುತ್ತದೆ. ಹೆಸರಿನಲ್ಲಿ ಜ್ವರ ಇದ್ದರೂ ಮೈ ತಣ್ಣಗಿರುತ್ತದೆ. ಕುತ್ತಿಗೆಯನ್ನು ಪಕ್ಕೆಗೆ ಹೊರಳಿಸಿ ಮಲಗಿರುತ್ತದೆ. ಕಾಲು ಮುರಿದಿಲ್ಲ, ಎದೆ ಬಡಿಯುತ್ತಿದೆ, ಆದರೂ ಏಳುವುದಿಲ್ಲ. ಕಾರಣ ಒಂದೇ. ಗಿಣ್ಣದ ಹಾಲಿಗೆ ಮೈಯಲ್ಲಿದ್ದ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಒಮ್ಮೆಲೆ ಹರಿದು ಹೋಗಿ ರಕ್ತದಲ್ಲಿ ಕಡಿಮೆಯಾಗಿರುತ್ತದೆ. ಅದಿಲ್ಲದೆ ಸ್ನಾಯು ಕೆಲಸ ಮಾಡುವುದಿಲ್ಲ. ರಕ್ತನಾಳಕ್ಕೆ ಕ್ಯಾಲ್ಸಿಯಂ ಬಾಟಲಿ ನಿಧಾನವಾಗಿ ಏರಿಸಿದರೆ ಎಷ್ಟೋ ದನಗಳು ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಂತು ಮೇವಿಗೆ ಬಾಯಿ ಹಾಕುತ್ತವೆ.

ಆ ಸಂಜೆಯ ಕಂಪ್ಯೂಟರಿಗೆ ಆಗಿದ್ದೂ ಹೀಗೆಯೇ. ಯಂತ್ರ ಕೆಟ್ಟಿರಲಿಲ್ಲ, ಹಾಲಿನ ಲೆಕ್ಕದ ಸಾಫ್ಟ್‌ವೇರ್ ಅಳಿಸಿ ಹೋಗಿರಲಿಲ್ಲ, ಹಳೆಯ ದಾಖಲೆಯೂ ಅಲ್ಲೇ ಇತ್ತು. ಆದರೆ ಆ ಸಾಫ್ಟ್‌ವೇರ್ ಎದ್ದು ನಿಲ್ಲಲು ಬೇಕಾದ ಒಂದು ವಸ್ತು ಹೊಸ ವಿಂಡೋಸ್‌ನಲ್ಲಿ ಇರಲಿಲ್ಲ.

ಪರದೆಯ ಹಿಂದೆ ದುಡಿಯುವ ಸರ್ವಿಸ್

ನೀವು ಕಿಟಕಿಯಿಂದ ನೋಡುವುದು ಕಂಪ್ಯೂಟರ್‌ನ ಪರದೆಯನ್ನು. ಅದರಲ್ಲಿ ನಿಮ್ಮ ಸದಸ್ಯತ್ವದ ನಂಬರು, ಲೀಟರು, ಫ್ಯಾಟ್, ಎಸ್‌ಎನ್‌ಎಫ್, ದರ ಕಾಣುತ್ತವೆ. ಆದರೆ ತೂಕದ ಯಂತ್ರದಿಂದ ಲೀಟರನ್ನು, ಪರೀಕ್ಷಾ ಯಂತ್ರದಿಂದ ಫ್ಯಾಟನ್ನು ಓದಿ ದಾಖಲೆಗೆ ಬರೆದಿಡುವ ಕೆಲಸ ಪರದೆಯ ಹಿಂದೆ ನಡೆಯುತ್ತದೆ. ಹಿಂದೆ ಕೂತು ಸದ್ದಿಲ್ಲದೆ ದುಡಿಯುವ ಆ ಸಾಫ್ಟ್‌ವೇರ್ ಭಾಗಕ್ಕೆ 'ಸರ್ವಿಸ್' ಎನ್ನುತ್ತಾರೆ. ಕಂಪ್ಯೂಟರ್ ಚಾಲೂ ಆದ ಕೂಡಲೆ ಅದು ತಾನಾಗಿ ಏಳಬೇಕು. ಅದು ಏಳದಿದ್ದರೆ ಪರದೆಯಲ್ಲಿ ಏನೇ ಕಂಡರೂ ಹಾಲಿನ ಲೆಕ್ಕ ಒಳಗೆ ಹೋಗುವುದಿಲ್ಲ.

ಈ ಸರ್ವಿಸ್ ಒಂಟಿಯಾಗಿ ನಿಲ್ಲುವುದಲ್ಲ. ದಾಖಲೆ ಇಡಲು ಇನ್ನೊಂದು ಸಾಫ್ಟ್‌ವೇರ್ ಬೇಕು. ತೂಕದ ಯಂತ್ರದ ಕೇಬಲ್‌ನ ಮಾತು ಅರ್ಥವಾಗಲು ಡ್ರೈವರ್ ಎಂಬ ಸಣ್ಣ ಫೈಲು ಬೇಕು. ಇವುಗಳ ಜೊತೆಗೆ ವಿಂಡೋಸ್ ಕಡೆಯಿಂದ ಕೆಲವು ಆಸರೆ ಫೈಲುಗಳೂ ಬೇಕು. ಇಂಥ ಆಸರೆಗಳಿಗೆ ಕಂಪ್ಯೂಟರಿನವರು 'ಡಿಪೆಂಡೆನ್ಸಿ' ಎನ್ನುತ್ತಾರೆ. ಅಂದರೆ ಒಂದು ಸಾಫ್ಟ್‌ವೇರ್ ಯಾವುದನ್ನು ನಂಬಿ ನಿಂತಿದೆಯೋ ಅದು.

ನೆರೆಮನೆಯ ಹೆಪ್ಪು

ಇಷ್ಟು ಬೇಕಾದದ್ದನ್ನು ಸಾಫ್ಟ್‌ವೇರ್ ತನ್ನ ಜೊತೆಗೇ ಯಾಕೆ ತರುವುದಿಲ್ಲ? ನೀವು ಹಾಲು ಕಾಯಿಸಿ ಆರಿಸಿ ಹೆಪ್ಪು ಹಾಕಲು ಹೋದಾಗ ಮನೆಯಲ್ಲಿ ಮೊಸರು ಮುಗಿದಿದ್ದರೆ ಏನು ಮಾಡುತ್ತೀರಿ? ನೆರೆಮನೆಯಿಂದ ಒಂದು ಚಮಚ ತರುತ್ತೀರಿ. ಒಂದು ಚಮಚಕ್ಕಾಗಿ ಯಾರೂ ಇನ್ನೊಂದು ಎಮ್ಮೆ ಕಟ್ಟುವುದಿಲ್ಲ. ಸಾಫ್ಟ್‌ವೇರ್ ಬರೆಯುವವರೂ ಹಾಗೆಯೇ. ಎಲ್ಲರಿಗೂ ಬೇಕಾಗುವ ಸಾಮಾನು ವಿಂಡೋಸ್‌ನಲ್ಲಿ ಹೇಗೂ ಇರುತ್ತದೆ, ಅಲ್ಲಿಂದ ಎರವಲು ತಂದರಾಯಿತು ಎಂದು ಬರೆದಿರುತ್ತಾರೆ. ಹಳೆಯ ಕಂಪ್ಯೂಟರಿನಲ್ಲಿ ಆ ಸಾಮಾನು ಇತ್ತು. ಅಪ್‌ಗ್ರೇಡ್ ಎಂದರೆ ನೆರೆಮನೆಯವರೇ ಬದಲಾದಂತೆ. ಹೊಸಬರ ಮನೆಯಲ್ಲಿ ಹೆಪ್ಪು ಇಲ್ಲ, ಇದ್ದರೂ ಇನ್ನೂ ಪೆಟ್ಟಿಗೆಯಿಂದ ತೆಗೆದಿಲ್ಲ. ಹಾಲು ಅದೇ, ಗಡಿಗೆ ಅದೇ, ಮೊಸರು ಮಾತ್ರ ಆಗಲಿಲ್ಲ.

ಆ ಸಂಘದಲ್ಲಿ ಆಗಿದ್ದು ಹೀಗೆ. ಕಂಪ್ಯೂಟರನ್ನು ವಿಂಡೋಸ್ 7ರಿಂದ ವಿಂಡೋಸ್ 10ಕ್ಕೆ ಏರಿಸಿದ್ದರು. ಹಾಲಿನ ಲೆಕ್ಕದ ಸಾಫ್ಟ್‌ವೇರ್ ಹಳೆಯದು. ಅದಕ್ಕೆ ಡಾಟ್‌ನೆಟ್ ಫ್ರೇಮ್‌ವರ್ಕ್ 3.5 ಎಂಬ ಆಸರೆ ಬೇಕು. ವಿಂಡೋಸ್ 7ರಲ್ಲಿ ಅದು ಮೊದಲೇ ಇರುತ್ತದೆ. ವಿಂಡೋಸ್ 10ರಲ್ಲಿ ಅದನ್ನು ನಾವೇ ಚಾಲೂ ಮಾಡಬೇಕು, ಸಾಮಾನ್ಯವಾಗಿ ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳಬೇಕು. ಆ ದಿನ ಇಂಟರ್‌ನೆಟ್ ಇರಲಿಲ್ಲ. ಮರುದಿನ ಬೆಳಿಗ್ಗೆ ಗುರುತಿನ ತಂತ್ರಜ್ಞರೊಬ್ಬರು ಫೋನಿನಲ್ಲಿ ದಾರಿ ಹೇಳಿದರು. ಮೊಬೈಲ್‌ನ ಇಂಟರ್‌ನೆಟ್ ಹಿಡಿದು ಅದನ್ನು ಇಳಿಸಿದೆವು. ಅರ್ಧ ಗಂಟೆಯೊಳಗೆ ಸರ್ವಿಸ್ ಎದ್ದಿತು.

ಇಂಥ ತೊಂದರೆ ದೊಡ್ಡವರಿಗೂ ತಪ್ಪಿಲ್ಲ. 2016ರ ಮಾರ್ಚ್‌ನಲ್ಲಿ ಒಬ್ಬ ಪ್ರೋಗ್ರಾಮರ್ ತಾನು ಬರೆದು ಎಲ್ಲರ ಬಳಕೆಗೆ ಇಟ್ಟಿದ್ದ, ಬರೀ 11 ಸಾಲಿನ ಒಂದು ಸಣ್ಣ ಪ್ರೋಗ್ರಾಂ ಅನ್ನು ಹಿಂದಕ್ಕೆ ತೆಗೆದುಕೊಂಡ. ಅದನ್ನು ನಂಬಿದ್ದ ಸಾವಿರಾರು ಸಾಫ್ಟ್‌ವೇರ್‌ಗಳ ಕೆಲಸ ಪ್ರಪಂಚದ ಎಲ್ಲೆಡೆ ಕೆಲವು ಗಂಟೆ ನಿಂತಿತು. 2024ರ ಜುಲೈ 19ರಂದು ಆದದ್ದು ಸ್ವಲ್ಪ ಬೇರೆ. ಭದ್ರತೆಯ ಸಾಫ್ಟ್‌ವೇರ್ ಒಂದಕ್ಕೆ ಬಂದ ದೋಷವಿದ್ದ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಮಲಗಿದವು. ಆ ದಿನ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಇದನ್ನು ನೆನಪಿಡಿ. ಕಂಪ್ಯೂಟರ್ ನಿಂತಾಗ ವಿಮಾನದವರೇ ಪೆನ್ನು ಹಿಡಿದರು. ಹಾಲಿನ ಸಂಘ ಪೆನ್ನು ಹಿಡಿಯಲು ನಾಚಬೇಕಾಗಿಲ್ಲ.

ಈಗಲೇ ಯಾಕೆ ಈ ಮಾತು

ವಿಂಡೋಸ್ 7ಕ್ಕೆ ಅದರ ಕಂಪನಿ 2020ರ ಜನವರಿ 14ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಬೆಂಬಲ ನಿಂತ ಕಂಪ್ಯೂಟರ್ ಕೂಡಲೆ ಬಂದಾಗುವುದಿಲ್ಲ. ಆದರೆ ವೈರಸ್‌ನಿಂದ ಕಾಪಾಡುವ ಅಪ್‌ಡೇಟ್ ಬರುವುದು ನಿಲ್ಲುತ್ತದೆ. ಹಾಗಾಗಿ ಅಪ್‌ಗ್ರೇಡ್ ಮಾಡುವುದು ಸರಿಯೇ. ಲಸಿಕೆ ಹಾಕಿಸಿದಂತೆ ಅದು. ಗೋಕಾಕ, ಮೂಡಲಗಿ, ಹುಕ್ಕೇರಿ ಯಾವ ತಾಲ್ಲೂಕಿನಲ್ಲೇ ಇರಲಿ, ಹಳೆಯ ಕಂಪ್ಯೂಟರ್ ಇಟ್ಟುಕೊಂಡ ಸಂಘ ಇಂದಲ್ಲ ನಾಳೆ ಈ ಕೆಲಸ ಮಾಡಲೇಬೇಕು. ಸಿದ್ಧತೆ ಇಲ್ಲದೆ ಮಾಡಿದರೆ ಅದರ ನಷ್ಟ ಕಾರ್ಯದರ್ಶಿಗೆ ಆಗುವುದಿಲ್ಲ, ನಿಮಗೆ ಆಗುತ್ತದೆ.

ಸರಾಸರಿಯಲ್ಲಿ ಹೋಗುವ ಹಣ

ನಿಮ್ಮ ಹಾಲಿನ ದರ ಫ್ಯಾಟ್ ಮತ್ತು ಎಸ್‌ಎನ್‌ಎಫ್ ಮೇಲೆ ನಿಂತಿದೆ. ಎಲ್ಲರಿಗೂ ಸರಾಸರಿ ಹಾಕಿದರೆ ತೆಳು ಹಾಲು ತಂದವರಿಗೆ ಲಾಭ, ಗಟ್ಟಿ ಹಾಲು ತಂದವರಿಗೆ ನಷ್ಟ. ಲೆಕ್ಕಕ್ಕೆಂದು ಒಂದು ಉದಾಹರಣೆ ತೆಗೆದುಕೊಳ್ಳಿ. ನೀವು ಹೊತ್ತಿಗೆ 6 ಲೀಟರ್ ಎಮ್ಮೆ ಹಾಲು ಹಾಕುತ್ತೀರಿ. ಸರಾಸರಿಯಿಂದಾಗಿ ನಿಮಗೆ ಲೀಟರಿಗೆ 5 ರೂಪಾಯಿ ಕಡಿಮೆ ಸಿಕ್ಕಿತು. ಒಂದು ಹೊತ್ತಿಗೆ 30 ರೂಪಾಯಿ ಹೋಯಿತು. ಕಂಪ್ಯೂಟರ್ ಮೂರು ದಿನ ನಿಂತರೆ ಆರು ಹೊತ್ತು, 180 ರೂಪಾಯಿ. ಹಿಂಡಿಗೆ ಆಗುತ್ತಿದ್ದ ಹಣ ಅದು.

ಲೀಟರಿನ ಲೆಕ್ಕ ಪೂರ್ತಿ ಬಿಟ್ಟುಹೋದರೆ ನಷ್ಟ ಇನ್ನೂ ಹೆಚ್ಚು. 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಶುರುವಾದ ರಾಜ್ಯ ಸರ್ಕಾರದ ಪ್ರೋತ್ಸಾಹಧನ ಬರುವುದು ಸಂಘದ ದಾಖಲೆಯಲ್ಲಿರುವ ಲೀಟರಿನ ಮೇಲೆ. ದಾಖಲೆಯಲ್ಲಿ ಇಲ್ಲದ ಹಾಲಿಗೆ ದರವೂ ಇಲ್ಲ, ಪ್ರೋತ್ಸಾಹಧನವೂ ಇಲ್ಲ.

ಚೀಟಿಯಲ್ಲಿ ಕಾಣುವ ಕಾಯಿಲೆ

ನನ್ನ ಕೆಲಸಕ್ಕೆ ನೇರ ಸಂಬಂಧಪಟ್ಟ ಮಾತು ಇದು. ಕೆಚ್ಚಲು ಬಾವು ಶುರುವಾಗುವಾಗ ಎಷ್ಟೋ ಸಲ ಕೆಚ್ಚಲು ಊದಿರುವುದಿಲ್ಲ, ಹಾಲು ಒಡೆದಿರುವುದಿಲ್ಲ. ಒಳಗೊಳಗೆ ಹಾಲಿನ ಸಕ್ಕರೆ ಅಂಶ ಕಡಿಮೆಯಾಗುತ್ತ ಹೋಗುತ್ತದೆ, ಅದರ ಜೊತೆಗೆ ಎಸ್‌ಎನ್‌ಎಫ್ ಇಳಿಯುತ್ತದೆ, ಲೀಟರೂ ಇಳಿಯುತ್ತದೆ. ಫ್ಯಾಟ್ ಮಾತ್ರ ಒಮ್ಮೆಲೆ ಕುಸಿದರೆ ಮೇವಿನಲ್ಲಿ ನಾರಿನಂಶ ಕಡಿಮೆಯಾಗಿ ಹಿಂಡಿ ಹೆಚ್ಚಾಗಿರಬಹುದು. ಇವೆಲ್ಲ ನಿಮ್ಮ ಚೀಟಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಅದಕ್ಕೇ ನಾನು ನಿಮ್ಮ ಮನೆಗೆ ಬಂದಾಗ ಎಮ್ಮೆಯ ಕೆಚ್ಚಲಿಗಿಂತ ಮೊದಲು ಹತ್ತು ದಿನದ ಚೀಟಿ ಕೇಳುವುದು.

ನಡುವೆ ಮೂರು ದಿನ ಸರಾಸರಿ ಬರೆದಿದ್ದರೆ ಆ ಸಾಲು ಕಡಿದುಹೋಗುತ್ತದೆ. ನಿಮ್ಮ ಎಮ್ಮೆಯ ಚೀಟಿಯಲ್ಲಿ ಊರಿನ ಎಮ್ಮೆಗಳ ಸುದ್ದಿ ಇರುತ್ತದೆ. ಆ ಮೂರು ದಿನದಲ್ಲಿ ಒಂದು ಮೊಲೆ ಗಟ್ಟಿಯಾದರೆ ಮತ್ತೆ ಅದರಿಂದ ಮೊದಲಿನಷ್ಟು ಹಾಲು ಬರುತ್ತದೆಂದು ಹೇಳಲಾಗದು.

ಕಂಪ್ಯೂಟರ್ ಏಳದಿದ್ದರೆ ಆ ಹೊತ್ತು ಏನು ಮಾಡಬೇಕು

ಹಾಲು ಕಾಯುವುದಿಲ್ಲ. ಕರೆದ ಹಾಲು ಬೆಚ್ಚಗಿರುತ್ತದೆ, ಹೊತ್ತು ಹೋದಂತೆ ಅದರಲ್ಲಿ ಸೂಕ್ಷ್ಮಜೀವಿ ಹೆಚ್ಚುತ್ತವೆ. ಆದಷ್ಟು ಬೇಗ 4 ಡಿಗ್ರಿಗೆ ತಣ್ಣಗಾಗಬೇಕು. ಆದ್ದರಿಂದ ಕಂಪ್ಯೂಟರ್ ಸರಿಯಾಗಲಿ ಎಂದು ಕ್ಯಾನ್ ಹಿಡಿದು ಒಂದು ತಾಸು ನಿಲ್ಲಬೇಡಿ. ಆದರೆ ಮಾದರಿ ಹಾಲು ಕಾಯುತ್ತದೆ. ಇಡೀ ಉಪಾಯ ಇರುವುದು ಈ ಒಂದು ಮಾತಿನಲ್ಲಿ.

1. ಹಾಲನ್ನು ನಿಮ್ಮ ಕಣ್ಣೆದುರು ತೂಕ ಮಾಡಿಸಿ ಅಥವಾ ಅಳತೆ ಮಾಡಿಸಿ. ಲೀಟರನ್ನು ಸಂಘದ ಪುಸ್ತಕದಲ್ಲಿಯೂ ನಿಮ್ಮ ಪಾಸ್‌ಬುಕ್‌ನಲ್ಲಿಯೂ ಪೆನ್ನಿನಲ್ಲಿ ಬರೆಸಿ, ಸಹಿ ಹಾಕಿಸಿ.

2. ನಿಮ್ಮ ಹಾಲನ್ನು ಚೆನ್ನಾಗಿ ಕಲಕಿ ಒಂದು ಸಣ್ಣ ಬಾಟಲಿಯಲ್ಲಿ ಮಾದರಿ ತೆಗೆಸಿ. ಅದರ ಮೇಲೆ ನಿಮ್ಮ ನಂಬರು, ತಾರೀಖು, ಬೆಳಿಗ್ಗೆಯೋ ಸಂಜೆಯೋ ಎಂದು ಬರೆದಿರಬೇಕು.

3. ಪರೀಕ್ಷಾ ಯಂತ್ರ ತಾನೇ ಅಂಕಿ ತೋರಿಸುತ್ತಿದ್ದರೆ ಅಲ್ಲೇ ಓದಿ ಬರೆದುಕೊಂಡರಾಯಿತು. ಕಂಪ್ಯೂಟರ್ ನಿಂತರೂ ಆ ಯಂತ್ರ ನಿಲ್ಲಬೇಕೆಂದಿಲ್ಲ.

4. ಅದೂ ಆಗದಿದ್ದರೆ ಹಳೆಯ ಗರ್ಬರ್ ಪದ್ಧತಿ ಇದೆ. 10 ಮಿಲಿ ಆಮ್ಲ, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್ ಹಾಕಿ ಯಂತ್ರದಲ್ಲಿ ತಿರುಗಿಸಿ ಫ್ಯಾಟ್ ನೋಡುವುದು. ಇದನ್ನು ತರಬೇತಿ ಪಡೆದ ಪರೀಕ್ಷಕರೇ ಮಾಡಬೇಕು, ಆಮ್ಲ ಮೈ ಸುಡುತ್ತದೆ.

5. ಆ ಹೊತ್ತೇ ಪರೀಕ್ಷೆ ಸಾಧ್ಯವಿಲ್ಲದಿದ್ದರೆ ಮಾದರಿ ಬಾಟಲಿಗಳನ್ನು ಮಂಜುಗಡ್ಡೆ ಇರುವ ಪೆಟ್ಟಿಗೆಯಲ್ಲಿ ಅಥವಾ ಫ್ರಿಜ್‌ನಲ್ಲಿ ಇಟ್ಟು ಮರುದಿನ ಬೆಳಿಗ್ಗೆ ಪರೀಕ್ಷೆ ಮಾಡಬಹುದು. ಪರೀಕ್ಷೆಗೆ ಮುಂಚೆ ಹದವಾಗಿ ಬೆಚ್ಚಗೆ ಮಾಡಿ, ಕೆನೆ ಕರಗುವಂತೆ ಮೆಲ್ಲಗೆ ಕಲಕಬೇಕು.

6. ಕಂಪ್ಯೂಟರ್ ಸರಿಯಾದ ಮೇಲೆ ಪುಸ್ತಕದ ಲೆಕ್ಕವನ್ನು ಅದರೊಳಗೆ ಸೇರಿಸಿ, ಎಲ್ಲರಿಗೂ ಚೀಟಿ ಕೊಡಬೇಕು. ಬಿಲ್ಲು ಬಂದಾಗ ನಿಮ್ಮ ಪಾಸ್‌ಬುಕ್‌ನ ಜೊತೆ ಹೋಲಿಸಿ ನೋಡಿ.

ಏನು ಮಾಡಬಾರದು

ಹಾಲು ಜ್ವರದಿಂದ ಮಲಗಿದ ದನಕ್ಕೆ ಗಾಬರಿಯಲ್ಲಿ ಬಾಯಿಂದ ಔಷಧಿ ಹೊಯ್ಯುವವರನ್ನು ನೋಡಿದ್ದೇನೆ. ಆ ದನಕ್ಕೆ ನುಂಗುವ ಶಕ್ತಿ ಇರುವುದಿಲ್ಲ. ಔಷಧಿ ಶ್ವಾಸಕೋಶಕ್ಕೆ ಇಳಿದು, ಬದುಕಬೇಕಾದ ದನ ಸಾಯುತ್ತದೆ. ಕಂಪ್ಯೂಟರಿಗೂ ಹೀಗೆ ಮಾಡುವವರಿದ್ದಾರೆ. ಇಂಥ ಫೈಲ್ ಇಲ್ಲ ಎಂದು ಪರದೆ ಹೇಳಿದ ಕೂಡಲೆ ಗೂಗಲ್‌ನಲ್ಲಿ ಹುಡುಕಿ ಗೊತ್ತಿಲ್ಲದ ಕಡೆಯಿಂದ ಇಳಿಸಿ ತುರುಕುತ್ತಾರೆ. ಅದರ ಜೊತೆ ವೈರಸ್ ಬಂದರೆ ಇಡೀ ಸಂಘದ ದಾಖಲೆ ಹೋಗುತ್ತದೆ. ಇನ್ನು ಕೆಲವರು ಹಾಲಿನ ಲೆಕ್ಕದ ಸಾಫ್ಟ್‌ವೇರನ್ನೇ ಅಳಿಸಿ ಮತ್ತೆ ಹಾಕುತ್ತಾರೆ. ನಕಲು ಇಟ್ಟುಕೊಳ್ಳದೆ ಹಾಗೆ ಮಾಡಿದರೆ ಹಳೆಯ ಲೆಕ್ಕವೂ ಅಳಿಸಬಹುದು.

ಮಾಡಬೇಕಾದದ್ದು ಇಷ್ಟೇ. ಪರದೆಯ ಮೇಲೆ ಬಂದ ಇಂಗ್ಲಿಷ್ ಸಾಲನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದು ಒಕ್ಕೂಟದ ವಿಸ್ತರಣಾಧಿಕಾರಿಗೂ ಸಾಫ್ಟ್‌ವೇರ್ ಕೊಟ್ಟವರಿಗೂ ಕಳಿಸಬೇಕು. "ಹಾಳಾಗೇತಿ" ಎಂದು ಫೋನ್ ಮಾಡಿದರೆ ಅವರಿಗೆ ಏನೂ ತಿಳಿಯುವುದಿಲ್ಲ. ಉದಾಹರಣೆಗೆ 1068 ಎಂಬ ನಂಬರು ಬಂದಿದ್ದರೆ, ಈ ಸರ್ವಿಸ್ ನಂಬಿರುವ ಇನ್ನೊಂದು ಸರ್ವಿಸ್ ಎದ್ದಿಲ್ಲ ಎಂದು ಅರ್ಥ. ಡಿಎಲ್‌ಎಲ್ ಎಂಬ ಮೂರು ಅಕ್ಷರದ ಜೊತೆ 'ನಾಟ್ ಫೌಂಡ್' ಎಂದಿದ್ದರೆ ಒಂದು ಆಸರೆ ಫೈಲು ಸಿಗುತ್ತಿಲ್ಲ ಎಂದು ಅರ್ಥ. ತಿಳಿದವರಿಗೆ ಆ ಒಂದು ಸಾಲೇ ಸಾಕು, ನಮಗೆ ಥರ್ಮಾಮೀಟರ್ ಇದ್ದಂತೆ.

ಮುಂದಿನ ಸಭೆಯಲ್ಲಿ ನೀವು ಕೇಳಬೇಕಾದದ್ದು

ಕಂಪ್ಯೂಟರ್ ವಿಷಯ ನಮಗೇನು ತಿಳಿಯುತ್ತದೆ ಎಂದು ಸಭೆಯಲ್ಲಿ ಸುಮ್ಮನೆ ಕೂರಬೇಡಿ. ಸಂಘ ನಿಮ್ಮದು, ಅದರ ಸದಸ್ಯರು ನೀವು. ಈ ನಾಲ್ಕು ಮಾತು ಕೇಳಿದರೆ ಸಾಕು.

ಒಂದು, ಅಪ್‌ಗ್ರೇಡ್ ಯಾವಾಗ ಮಾಡುತ್ತೀರಿ? ಬೆಳಗಿನ ಹಾಲು ಹೋದ ಕೂಡಲೆ ಶುರು ಮಾಡಬೇಕು, ಆಗ ಸಂಜೆಯವರೆಗೆ ಸರಿಮಾಡಲು ಹೊತ್ತು ಸಿಗುತ್ತದೆ. ಬಿಲ್ಲು ಮಾಡುವ ದಿನ ಬೇಡವೇ ಬೇಡ.

ಎರಡು, ಹಳೆಯ ಲೆಕ್ಕದ ನಕಲು ಎಲ್ಲಿದೆ? ಅಪ್‌ಗ್ರೇಡ್‌ಗೆ ಮುಂಚೆ ಅದನ್ನು ಪೆನ್‌ಡ್ರೈವ್‌ಗೆ ತೆಗೆದು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿರಬೇಕು.

ಮೂರು, ಹೊಸದಕ್ಕೆ ಏನೇನು ಆಸರೆ ಬೇಕೆಂದು ಸಾಫ್ಟ್‌ವೇರ್ ಕೊಟ್ಟವರಿಂದ ಪಟ್ಟಿ ಬರೆಸಿಕೊಂಡಿದ್ದೀರಾ? ತೂಕದ ಯಂತ್ರ, ಪರೀಕ್ಷಾ ಯಂತ್ರ, ಪ್ರಿಂಟರ್ ಮೂರರ ಡ್ರೈವರ್‌ಗಳೂ ಆ ಪಟ್ಟಿಯಲ್ಲಿರಬೇಕು. ಎಲ್ಲವನ್ನೂ ಮೊದಲೇ ಇಳಿಸಿ ಇಟ್ಟುಕೊಂಡರೆ ಮಳೆ ಬಂದು ನೆಟ್‌ವರ್ಕ್ ಹೋದರೂ ಕೆಲಸ ನಿಲ್ಲದು. ತುಂಬು ಗಬ್ಬದ ದನಕ್ಕೆ ಮೊದಲೇ ಸಿದ್ಧತೆ ಮಾಡಿಕೊಳ್ಳುವುದಿಲ್ಲವೆ, ಹಾಗೆ.

ನಾಲ್ಕು, ಅಪ್‌ಗ್ರೇಡ್ ಆದ ಮೇಲೆ ಪರೀಕ್ಷೆ ಮಾಡಿದ್ದೀರಾ? ಕಂಪ್ಯೂಟರ್ ಆರಿಸಿ ಮತ್ತೆ ಚಾಲೂ ಮಾಡಿ, ಒಂದು ಕ್ಯಾನ್ ನೀರು ತೂಗಿ, ಪರೀಕ್ಷೆಯ ಚೀಟಿಯೊಂದು ಹೊರಗೆ ಬರುವವರೆಗೆ ಕೆಲಸ ಮುಗಿಯಿತು ಎನ್ನಬಾರದು. ಆ ಚೀಟಿಯ ಲೆಕ್ಕವನ್ನು ಆಮೇಲೆ ಅಳಿಸಬೇಕು.

ಆ ಸಂಜೆ ಏನಾಯಿತು ಎಂದು ಹೇಳಿ ಮುಗಿಸುತ್ತೇನೆ. ಲಸಿಕೆ ಮುಗಿದು ನನ್ನ ಐಸ್ ಪೆಟ್ಟಿಗೆ ಖಾಲಿಯಾಗಿತ್ತು, ಒಳಗೆ ಮಂಜುಗಡ್ಡೆ ಇನ್ನೂ ಇತ್ತು. ಸಂಘದ ಪರೀಕ್ಷಕಿ ಹುಡುಗಿ ಒಬ್ಬೊಬ್ಬರದೂ ಮಾದರಿ ತೆಗೆದು ನಂಬರು ಬರೆದಳು. ಬಾಟಲಿಗಳನ್ನೆಲ್ಲ ಆ ಪೆಟ್ಟಿಗೆಯಲ್ಲಿಟ್ಟು ರಾತ್ರಿ ಕಳೆದೆವು. ಬೆಳಿಗ್ಗೆ ಪರೀಕ್ಷೆಯಾಯಿತು. ಹಿಂದಿನ ದಿನದ ಎಮ್ಮೆ ಹಾಲಿನ ಸರಾಸರಿ 6.2 ಇತ್ತು. ಆ ಒಂದೇ ಎಮ್ಮೆಯ ತಾಯಿಯ ಹಾಲು 7.4 ಬಂತು. ಚೀಟಿಯನ್ನು ಅವರು ಮೊಮ್ಮಗನಿಂದ ಎರಡು ಸಲ ಓದಿಸಿದರು. ಆಮೇಲೆ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮನೆಗೆ ಹೋದರು.

ನಿಮ್ಮ ಹಾಲಿಗೆ ನಿಮ್ಮದೇ ಫ್ಯಾಟ್ ಸಿಗಬೇಕು. ಕಂಪ್ಯೂಟರ್ ನಡೆಯಲಿ, ನಿಲ್ಲಲಿ, ಯಂತ್ರದ್ದಾಗಲಿ ಪೆನ್ನಿನದಾಗಲಿ, ಲೆಕ್ಕದ ಚೀಟಿ ಕೈಗೆ ಬಂದ ಮೇಲೆಯೇ ಕ್ಯಾನ್ ಎತ್ತಿಕೊಳ್ಳಿ.